ಬೂಸ್ಟ್ ಗೇಜ್: ಪೈಪ್ ಎಲ್ಲಿಂದ ತೆಗೆಯಬೇಕು, ಗೇಜ್ ಯಾವುದು ಹಾಕಬೇಕು

ಮರ್ಸಿಡಿಸ್ ಸಿ 200 ಕೊಂಪ್ರೆಸರ್, ಆಡಿಯ ಹಳೆಯ 3.0 ಟಿಎಫ್‌ಎಸ್‌ಐ, ರೇಂಜ್ ರೋವರ್‌ನ 5.0 ಲೀಟರ್ ಸೂಪರ್‌ಚಾರ್ಜ್ಡ್ ವಿ8. ಇವೆಲ್ಲ ಸೂಪರ್‌ಚಾರ್ಜರ್ (ಬೆಲ್ಟಿನಿಂದ ತಿರುಗಿ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಪಂಪು) ಇರುವ ಗಾಡಿಗಳು. ಇಂಥ ಗಾಡಿಯನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡು ಬೂಸ್ಟ್ ಗೇಜ್, ಅಂದರೆ ಹಾಗೆ ತುಂಬಿದ ಗಾಳಿಯ ಒತ್ತಡ ತೋರಿಸುವ ಮೀಟರ್, ಹಾಕಿಸಲು ಹೊರಟವರು ಮೊದಲು ಕೇಳುವುದು, ಮೆಕ್ಯಾನಿಕಲ್ ಒಳ್ಳೆಯದೋ ಎಲೆಕ್ಟ್ರಾನಿಕ್ ಒಳ್ಳೆಯದೋ ಎಂದು. ಅದು ಎರಡನೆಯ ಪ್ರಶ್ನೆ. ಗೇಜಿಗೆ ಹೋಗುವ ವ್ಯಾಕ್ಯೂಮ್ (ಹೊರಗಿನ ಗಾಳಿಗಿಂತ ಕಡಿಮೆ ಒತ್ತಡ) ಪೈಪನ್ನು ಎಂಜಿನ್ನಿನ ಯಾವ ಜಾಗದಿಂದ ತೆಗೆಯುವುದು ಎಂಬುದು ಮೊದಲನೆಯದು. ಜಾಗ ತಪ್ಪಿದರೆ ಇಪ್ಪತ್ತು ಸಾವಿರದ ಗೇಜೂ ಸುಳ್ಳು ಹೇಳುತ್ತದೆ. ಜಾಗ ಸರಿಯಿದ್ದರೆ ಎರಡು ಸಾವಿರದ್ದೂ ನಿಜ ಹೇಳುತ್ತದೆ.

ಆಯ್ಕೆಗೆ ಇಳಿಯುವ ಮುಂಚೆ ಅಳತೆಗೋಲು ಇಟ್ಟುಕೊಳ್ಳೋಣ. ಮುಳ್ಳು ತೋರಿಸುವುದು ಸಿಲಿಂಡರಿಗೆ ಹೋಗುವ ಗಾಳಿಯ ಒತ್ತಡವನ್ನೇ ಹೌದೋ ಅಲ್ಲವೋ, ಇದು ಮೊದಲನೆಯದು. ಪೈಪ್ ಕಿತ್ತುಬಂದರೆ ಗೇಜ್ ಮಾತ್ರ ಕೆಡುತ್ತದೋ, ಎಂಜಿನ್ನೋ ಬ್ರೇಕೋ ಕೆಡುತ್ತದೋ, ಇದು ಎರಡನೆಯದು. ನನ್ನ ಲೆಕ್ಕದಲ್ಲಿ ಅತಿ ಮುಖ್ಯವಾದದ್ದು ಇದೇ. ಆಮೇಲೆ ವಿಜಯಪುರ, ಬಾಗಲಕೋಟೆಯ ಏಪ್ರಿಲ್-ಮೇ ಬಿಸಿಲಿಗೂ ಎರೆಮಣ್ಣಿನ ಧೂಳಿಗೂ ಅದು ತಡೆದೀತೇ ಎಂಬುದು. ನಾಳೆ ಗಾಡಿ ಮಾರುವಾಗ ಎಲ್ಲವನ್ನೂ ತೆಗೆದು ಮೊದಲಿನಂತೆ ಮಾಡಬಹುದೇ ಎಂಬುದು ನಾಲ್ಕನೆಯದು. ಖರ್ಚು ಕೊನೆಗೆ.

ಥ್ರಾಟಲ್ ಎಲ್ಲಿದೆ, ಮೊದಲು ನೋಡಿ

ಸೂಪರ್‌ಚಾರ್ಜರ್‌ಗಳಲ್ಲಿ ಎರಡು ಜಾತಿ. ರೂಟ್ಸ್ ಮತ್ತು ಟ್ವಿನ್ ಸ್ಕ್ರೂ ಮಾದರಿಯಲ್ಲಿ ಸಾಮಾನ್ಯವಾಗಿ ಥ್ರಾಟಲ್ ಬಾಡಿ (ಪೆಡಲ್ ಒತ್ತಿದಂತೆ ತೆರೆಯುವ ಗಾಳಿಯ ಬಾಗಿಲು) ಮುಂದೆ, ಸೂಪರ್‌ಚಾರ್ಜರ್ ಅದರ ಹಿಂದೆ. ಆಡಿಯ ಹಳೆಯ, ಸೂಪರ್‌ಚಾರ್ಜರ್ ಇರುವ 3.0 ಟಿಎಫ್‌ಎಸ್‌ಐ ಹೀಗೆಯೇ ಇದೆ. ಹೆಸರಿನಲ್ಲಿ ‘ಟಿ’ ಇದ್ದರೂ ಅದರಲ್ಲಿ ಟರ್ಬೊ ಇಲ್ಲ, ವಿ6ರ ಎರಡು ಸಾಲುಗಳ ನಡುವೆ ಈಟನ್ ಕಂಪನಿಯ ರೂಟ್ಸ್ ಮಾದರಿ ಸೂಪರ್‌ಚಾರ್ಜರ್ ಕೂತಿದೆ. ರೇಂಜ್ ರೋವರ್‌ನ 5.0 ವಿ8, ಹಳೆಯ ಮಿನಿ ಕೂಪರ್ ಎಸ್ ಕೂಡ ಇದೇ ಕ್ರಮದವು. ಈ ಗಾಡಿಗಳಲ್ಲಿ ಥ್ರಾಟಲಿಗೂ ಸೂಪರ್‌ಚಾರ್ಜರಿಗೂ ನಡುವಿನ ಜಾಗದಲ್ಲಿ ಬೂಸ್ಟ್ ಎಂಬುದೇ ಬರುವುದಿಲ್ಲ. ಪೆಡಲ್ ಪೂರ್ತಿ ಒತ್ತಿದರೂ ಅಲ್ಲಿ ಹೆಚ್ಚೆಂದರೆ ಹೊರಗಿನ ಗಾಳಿಯ ಒತ್ತಡ, ಉಳಿದಂತೆ ಬರೀ ವ್ಯಾಕ್ಯೂಮ್. ಪೈಪ್ ಅಲ್ಲಿಂದ ತೆಗೆದವರ ಗೇಜಿನ ಮುಳ್ಳು ಸೊನ್ನೆಯವರೆಗೆ ಬಂದು ನಿಲ್ಲುತ್ತದೆ. ಗೇಜ್ ಕೆಟ್ಟಿದೆ ಎಂದು ವಾಪಸು ಕಳಿಸಿದವರೂ ಇದ್ದಾರೆ, ಕೆಟ್ಟಿದ್ದು ಜಾಗ.

ಎರಡನೆಯದು ಸೆಂಟ್ರಿಫ್ಯೂಗಲ್. ಹೊರಗಿನಿಂದ ಕಿಟ್ ತರಿಸಿ ಹಾಕಿಸಿದ್ದರೆ ಬಹುತೇಕ ಇದೇ. ಇಲ್ಲಿ ಸೂಪರ್‌ಚಾರ್ಜರ್ ಮುಂದೆ, ನಡುವೆ ದಪ್ಪ ಪೈಪ್ ಅಥವಾ ಬಿಸಿಯಾದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ಕೊನೆಗೆ ಥ್ರಾಟಲ್. ಆ ದಪ್ಪ ಪೈಪಿನಿಂದ ಗೇಜಿಗೆ ಒತ್ತಡದ ಸಿಗ್ನಲ್ ತೆಗೆದರೆ ಬೂಸ್ಟ್ ಕಾಣುತ್ತದೆ, ಐಡ್ಲಿಂಗ್‌ನ ವ್ಯಾಕ್ಯೂಮ್ ಕಾಣುವುದಿಲ್ಲ. ಅರ್ಧ ಥ್ರಾಟಲಿನಲ್ಲಿ ಅಲ್ಲಿರುವ ಒತ್ತಡ ಒಂದು, ಸಿಲಿಂಡರಿಗೆ ಸಿಗುವುದು ಇನ್ನೊಂದು.

ಎರಡೂ ಜಾತಿಗೆ ಉತ್ತರ ಒಂದೇ: ಥ್ರಾಟಲ್, ಸೂಪರ್‌ಚಾರ್ಜರ್, ಇಂಟರ್‌ಕೂಲರ್ ಮೂರನ್ನೂ ದಾಟಿದ ಮೇಲೆ, ಸಿಲಿಂಡರ್ ಹೆಡ್ಡಿಗೆ ಮುಂಚೆ. ಅಂದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡಿನ ಹೊಟ್ಟೆಯಿಂದ. ಟರ್ಬೊ ಪೆಟ್ರೋಲ್ ಗಾಡಿಗೂ ಇದೇ ಮಾತು. ಡೀಸೆಲ್‌ನವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ಡೀಸೆಲ್ ಎಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ ಪೆಟ್ರೋಲಿನಷ್ಟು ವ್ಯಾಕ್ಯೂಮ್ ಹುಟ್ಟುವುದಿಲ್ಲ, ಐಡ್ಲಿಂಗ್‌ನಲ್ಲಿ ಮುಳ್ಳು ಸೊನ್ನೆಯ ಹತ್ತಿರವೇ ಇರುತ್ತದೆ. ಬಾನೆಟ್ ಕೆಳಗೆ ಕಾಣುವ ವ್ಯಾಕ್ಯೂಮ್ ಪೈಪುಗಳು ಬ್ರೇಕಿಗಾಗಿ ಇರುವ ವ್ಯಾಕ್ಯೂಮ್ ಪಂಪಿನವು. ಗೇಜನ್ನು ಅಲ್ಲಿಗೆ ಸೇರಿಸಿದರೆ ಯಾವಾಗ ನೋಡಿದರೂ ಮುಳ್ಳು ಎಡಕ್ಕೆ ಅಂಟಿಕೊಂಡಿರುತ್ತದೆ.

ಸಿಗ್ನಲ್ ತೆಗೆಯಲು ನಾಲ್ಕು ದಾರಿ

ಮ್ಯಾನಿಫೋಲ್ಡಿನ ಮೇಲೆ ರಬ್ಬರ್ ಟೋಪಿ ಹಾಕಿ ಮುಚ್ಚಿದ ಖಾಲಿ ನಿಪ್ಪಲ್ ಇದ್ದರೆ ಬೇರೆಲ್ಲೂ ಹುಡುಕಬೇಡಿ. ಏನನ್ನೂ ಕತ್ತರಿಸಬೇಕಿಲ್ಲ, ತೆಗೆಯುವಾಗ ಟೋಪಿ ಮತ್ತೆ ಹಾಕಿದರೆ ಆಯಿತು. ಟೋಪಿ ತೆಗೆದು ಎಂಜಿನ್ ಚಾಲೂ ಮಾಡಿ ಬೆರಳಿಟ್ಟರೆ ಗಟ್ಟಿಯಾಗಿ ಎಳೆಯಬೇಕು. ಆದರೆ ಬೆರಳಿನ ಪರೀಕ್ಷೆ ಒಂದೇ ಸಾಲದು, ರೂಟ್ಸ್ ಗಾಡಿಯಲ್ಲಿ ಥ್ರಾಟಲಿನ ಹಿಂದಿನ ತಪ್ಪು ಜಾಗವೂ ಐಡ್ಲಿಂಗ್‌ನಲ್ಲಿ ಹಾಗೇ ಎಳೆಯುತ್ತದೆ. ನಿಪ್ಪಲ್ ಯಾವ ಭಾಗಕ್ಕೆ ಸೇರಿದೆ ಎಂದು ಕಣ್ಣಾರೆ ನೋಡಿ. ಹೊಸ ಗಾಡಿಗಳಲ್ಲಿ ಇಂಥ ಖಾಲಿ ನಿಪ್ಪಲ್ ಸಿಗುವುದು ಕಡಿಮೆ.

ಎರಡನೆಯ ದಾರಿ, ಇರುವ ಪೈಪನ್ನು ಕತ್ತರಿಸಿ ನಡುವೆ ಟೀ (ಇಂಗ್ಲಿಷಿನ T ಆಕಾರದ ಮೂರು ಬಾಯಿಯ ಜೋಡಣೆ) ಹಾಕುವುದು. ಗ್ಯಾರೇಜಿನಲ್ಲಿ ಹತ್ತು ನಿಮಿಷದ ಕೆಲಸ. ಆದರೆ ಅವಘಡಗಳು ಹುಟ್ಟುವುದೂ ಇಲ್ಲೇ, ಅದಕ್ಕೇ ಇದನ್ನು ಬಿಡಿಸಿ ಹೇಳಬೇಕು.

ಫ್ಯೂಯೆಲ್ ಪ್ರೆಶರ್ ರೆಗ್ಯುಲೇಟರ್ ಪೈಪಿಗೆ ಟೀ ಹಾಕುವುದು ಹಳೆಯ ರೂಢಿ. ಸಿಗ್ನಲ್ ಸರಿಯಾಗೇ ಬರುತ್ತದೆ, ಏಕೆಂದರೆ ಆ ಪೈಪ್ ಮ್ಯಾನಿಫೋಲ್ಡಿನಿಂದಲೇ ಬಂದಿರುತ್ತದೆ. ಆದರೆ ರೆಗ್ಯುಲೇಟರಿನ ಕೆಲಸವೇನು ಎಂದು ನೋಡಿ. ಬೂಸ್ಟ್ ಎಷ್ಟು ಏರಿತೋ ಅಷ್ಟೇ ಪೆಟ್ರೋಲ್ ಒತ್ತಡವನ್ನೂ ಅದು ಏರಿಸುತ್ತದೆ. ಮೂಲ ಒತ್ತಡ 3 ಬಾರ್, ಬೂಸ್ಟ್ 0.6 ಬಾರ್ ಎನ್ನಿ. ಗೇಜಿನ ಪೈಪ್ ಕಿತ್ತುಬಂದರೆ ರೆಗ್ಯುಲೇಟರಿಗೆ ಬೂಸ್ಟಿನ ಸುದ್ದಿಯೇ ತಲುಪುವುದಿಲ್ಲ. ಇಂಜೆಕ್ಟರಿನ ಎರಡು ಬದಿಯ ಒತ್ತಡದ ಅಂತರ 2.4 ಬಾರಿಗೆ ಇಳಿಯುತ್ತದೆ. ಪೆಟ್ರೋಲ್ ಹರಿವು ಈ ಅಂತರದ ವರ್ಗಮೂಲಕ್ಕೆ ತಕ್ಕಂತೆ ನಡೆಯುವುದರಿಂದ, ಪೂರ್ತಿ ಲೋಡಿನಲ್ಲಿ ಸುಮಾರು ನೂರಕ್ಕೆ 11 ಭಾಗ ಪೆಟ್ರೋಲ್ ಕಡಿಮೆ ಬೀಳುತ್ತದೆ. ನಾಕಿಂಗ್ (ಸಿಲಿಂಡರಿನೊಳಗೆ ಪೆಟ್ರೋಲ್ ತಾನಾಗಿ ಸಿಡಿಯುವುದು) ಶುರುವಾಗಿ ಪಿಸ್ಟನ್ ಸುಡಲು ಅಷ್ಟು ಸಾಕು. ನಾಲ್ಕು ಮಿಲಿಮೀಟರಿನ ಒಂದು ಪೈಪಿನಿಂದ ಎಂಜಿನ್ ಬಿಚ್ಚುವ ಗತಿ ಬರಬಾರದು. ಬೇರೆ ದಾರಿ ಇರುವಾಗ ಇದು ಬೇಡ.

ಬ್ರೇಕ್ ಪೆಡಲ್ ಹಗುರಾಗಿಸುವ ಬ್ರೇಕ್ ಬೂಸ್ಟರ್ ಪೈಪಿಗಂತೂ ಬೇಡವೇ ಬೇಡ. ಆ ಪೈಪಿನಲ್ಲಿ ಒಮ್ಮುಖ ವಾಲ್ವ್ ಇದೆ. ಬೂಸ್ಟರ್ ಕಡೆಗೆ ಟೀ ಬಿದ್ದರೆ ಗೇಜಿಗೆ ಬೂಸ್ಟ್ ಕಾಣುವುದೇ ಇಲ್ಲ, ಜೊತೆಗೆ ಪೈಪ್ ಸೋರಿದ ದಿನ ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ. ಚೋರ್ಲಾ ಘಾಟಿನಲ್ಲೋ ಅಂಬೋಲಿ ಘಾಟಿನಲ್ಲೋ ಇಳಿಯುವಾಗ ಹಾಗಾದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ವಾಲ್ವಿನ ಮ್ಯಾನಿಫೋಲ್ಡ್ ಕಡೆಗೆ ಹಾಕಿದರೆ ಓದು ಸರಿ ಬರುತ್ತದೆ ಎನ್ನುವ ಮಿಸ್ತ್ರಿಗಳಿದ್ದಾರೆ. ಅವರ ಮಾತು ನಿಜ. ಆದರೂ ಒಂದು ಮೀಟರಿನ ಸಲುವಾಗಿ ಬ್ರೇಕಿನ ಪೈಪ್ ಕತ್ತರಿಸುವುದನ್ನು ನಾನು ಒಪ್ಪುವುದಿಲ್ಲ.

ಬೇಡವಾದ ಬೂಸ್ಟನ್ನು ಬಿಟ್ಟುಬಿಡುವ ಬೈಪಾಸ್ ವಾಲ್ವ್ ಅಥವಾ ಬ್ಲೋ ಆಫ್ ವಾಲ್ವಿನ ಪೈಪ್ ನಡುವಿನ ಆಯ್ಕೆ. ಸೆಂಟ್ರಿಫ್ಯೂಗಲ್ ಕಿಟ್ಟಿನಲ್ಲಿ ಈ ಪೈಪ್ ಮ್ಯಾನಿಫೋಲ್ಡಿನಿಂದ ಬರುತ್ತದೆ, ಟೀ ಹಾಕಬಹುದು. ಟೀಯನ್ನು ಮ್ಯಾನಿಫೋಲ್ಡಿನ ಹತ್ತಿರವೇ ಇಡಿ, ವಾಲ್ವ್ ಬಡಿದಾಗ ಮುಳ್ಳು ಕಡಿಮೆ ನಡುಗುತ್ತದೆ. ರೂಟ್ಸ್ ಗಾಡಿಗಳಲ್ಲಿ ಬೈಪಾಸ್ ವಾಲ್ವಿಗೆ ಕೆಲವೊಮ್ಮೆ ಸಿಗ್ನಲ್ ಬರುವುದು ಸೂಪರ್‌ಚಾರ್ಜರಿನ ಒಳಬಾಯಿಯಿಂದ. ಮೇಲೆ ಹೇಳಿದ ತಪ್ಪು ಜಾಗ ಅದೇ. ಪೈಪಿನ ಜಾಡು ಹಿಡಿದು ಕೊನೆಯವರೆಗೆ ಹೋಗಿ ನೋಡದೆ ಕತ್ತರಿ ಹಾಕಬೇಡಿ. ಪೆಟ್ರೋಲ್ ಆವಿ ಎಳೆಯುವ ಪರ್ಜ್ ಪೈಪ್, ಎಂಜಿನ್ ಆಯಿಲ್ ಹೊಗೆಯ ಬ್ರೀದರ್ ಪೈಪ್ ಇವೆರಡೂ ಪಟ್ಟಿಯಲ್ಲೇ ಇಲ್ಲ. ಮೊದಲನೆಯದರ ಒತ್ತಡ ಸೊಲೆನಾಯ್ಡ್ ತೆರೆದಂತೆ ಮುಚ್ಚಿದಂತೆ ಬದಲಾಗುತ್ತದೆ, ಎರಡನೆಯದು ಗೇಜಿನೊಳಕ್ಕೆ ಆಯಿಲ್ ತರುತ್ತದೆ.

ಮೂರನೆಯ ದಾರಿ ನನಗೆ ಹೆಚ್ಚು ಹಿಡಿಸುವುದು: ಮ್ಯಾಪ್ ಸೆನ್ಸರಿನ ಕೆಳಗೆ ಅಡಾಪ್ಟರ್ ಕೂರಿಸುವುದು. ಮ್ಯಾನಿಫೋಲ್ಡಿಗೆ ನೇರವಾಗಿ ಕೂತಿರುವ ಪ್ರೆಶರ್ ಸೆನ್ಸರನ್ನು ತೆಗೆದು, ನಡುವೆ 12ರಿಂದ 15 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಬಿಲ್ಲೆ ಇಟ್ಟು, ಅದರ ಪಕ್ಕದಲ್ಲಿ ಗೇಜಿಗೊಂದು ತೂತು ಕೊಡುವುದು. ಕಂಪ್ಯೂಟರ್ ಓದುವ ಜಾಗದಿಂದಲೇ ನಿಮ್ಮ ಗೇಜೂ ಓದುತ್ತದೆ. ಫ್ಯಾಕ್ಟರಿ ಪೈಪ್ ಒಂದೂ ಕತ್ತರಿಸಿಲ್ಲ, ಬಿಲ್ಲೆ ತೆಗೆದರೆ ಗಾಡಿ ಮೊದಲಿನಂತೆ. ಹೆಸರುವಾಸಿ ಮಾದರಿಗಳಿಗೆ ಇದು ತಯಾರಾಗಿ ಸಿಗುತ್ತದೆ. ಸಿಗದಿದ್ದರೆ ಬೆಳಗಾವಿಯವರಿಗೆ ಉದ್ಯಮಬಾಗ ಇದ್ದೇ ಇದೆ, ಫೌಂಡ್ರಿ, ಲೇಥ್, ಮಿಲ್ಲಿಂಗ್ ಕೆಲಸಕ್ಕೆ ಹೆಸರಾದ ಜಾಗ. ಸೆನ್ಸರನ್ನೇ ಕೈಯಲ್ಲಿ ಹಿಡಿದು ಹೋಗಿ, ಅಳತೆ ಬಾಯಲ್ಲಿ ಹೇಳಬೇಡಿ. ಸೆನ್ಸರಿನ ಓ-ರಿಂಗ್ ಕೂರುವ ಒಳಕೊರೆತ ನುಣುಪಾಗಿರಬೇಕು, ಗೀರು ಬಿದ್ದರೆ ಅಲ್ಲೇ ಸೋರುತ್ತದೆ. ಕೆಳಗಿನ ಓ-ರಿಂಗ್ ಬಿಸಿ, ಆಯಿಲ್ ತಡೆಯುವ ವಿಟಾನ್ ರಬ್ಬರಿನದು ಇರಲಿ. ಸ್ಕ್ರೂ ಬಿಲ್ಲೆಯ ದಪ್ಪದಷ್ಟೇ ಉದ್ದ ಹೆಚ್ಚಿರಲಿ, ಅದಕ್ಕಿಂತ ಉದ್ದವಾದರೆ ಪ್ಲಾಸ್ಟಿಕ್ ಮ್ಯಾನಿಫೋಲ್ಡಿನ ತಳ ಒಡೆಯುತ್ತದೆ. ಸೆನ್ಸರಿನಲ್ಲಿ ಗಾಳಿಯ ಉಷ್ಣತೆ ಓದುವ ಮೂಗೂ ಇದ್ದರೆ, ಬಿಲ್ಲೆಯಿಂದಾಗಿ ಅದು ಗಾಳಿಯ ಹರಿವಿನಿಂದ ಮೇಲೆ ಸರಿಯುತ್ತದೆ. ಬಿಲ್ಲೆ ಆದಷ್ಟು ತೆಳ್ಳಗಿರಬೇಕು ಎನ್ನುವುದು ಅದಕ್ಕೇ.

ನಾಲ್ಕನೆಯದು ಮ್ಯಾನಿಫೋಲ್ಡಿಗೇ ತೂತು ಕೊರೆದು ಚೂಡಿ (ಸ್ಕ್ರೂ ಥ್ರೆಡ್) ಹಾಕುವುದು. ಅಲ್ಯೂಮಿನಿಯಂ ಮ್ಯಾನಿಫೋಲ್ಡ್ ಆಗಿರಬೇಕು, ಅದನ್ನು ಬಿಚ್ಚಿ ಹೊರಗೆ ತೆಗೆದು ಕೊರೆಯಬೇಕು. ಗಾಡಿಯ ಮೇಲೇ ಕೊರೆದರೆ ಚೂರು ಸಿಲಿಂಡರಿಗೆ ಹೋಗುತ್ತದೆ, ಡ್ರಿಲ್ಲಿಗೆ ಗ್ರೀಸ್ ಹಚ್ಚಿದರೂ ಎಲ್ಲ ಚೂರೂ ಅಂಟಿಕೊಳ್ಳುವುದಿಲ್ಲ. ಎಂಜಿನ್ ಹೇಗೂ ಬಿಚ್ಚಿದ್ದಾಗ ಮಾಡಿಸುವ ಕೆಲಸ ಇದು, ಗೇಜಿಗಾಗಿ ಎಂಜಿನ್ ಬಿಚ್ಚಿಸುವಂಥದ್ದಲ್ಲ.

ಗೇಜ್ ಮೂರು ಬಗೆ

ಮೆಕ್ಯಾನಿಕಲ್ ಗೇಜಿನಲ್ಲಿ ಬಾಗಿದ ಹಿತ್ತಾಳೆಯ ಟೊಳ್ಳು ಕೊಳವೆ ಒತ್ತಡಕ್ಕೆ ಬಿಚ್ಚಿಕೊಂಡು ಮುಳ್ಳು ತಿರುಗಿಸುತ್ತದೆ. ವೈರಿಂಗ್ ಅಂದರೆ ಲೈಟಿನದಷ್ಟೇ. ಮುಳ್ಳು ಚುರುಕು, ಬೆಲೆ ಕಡಿಮೆ, ಒಂದೆರಡು ಸಾವಿರಕ್ಕೆ ಕೈಗೆ ಬರುತ್ತದೆ. ತೊಂದರೆ ಏನೆಂದರೆ ಎಂಜಿನ್ನಿನ ಗಾಳಿ ಕ್ಯಾಬಿನ್ನಿನೊಳಗೆ, ನಿಮ್ಮ ಮೊಣಕಾಲ ಹತ್ತಿರದವರೆಗೆ ಬರುತ್ತದೆ. ಪೈಪ್ ಸಡಿಲಾದರೆ ಆಯಿಲ್ ಹೊಗೆಯ ವಾಸನೆ ಒಳಗೇ ತುಂಬುತ್ತದೆ. ಅದನ್ನು ತಡೆಯಲೂ ಮುಳ್ಳಿನ ನಡುಕ ನಿಲ್ಲಿಸಲೂ ಒಂದೇ ಮದ್ದು: ಮ್ಯಾನಿಫೋಲ್ಡ್ ಕಡೆಯ ತುದಿಯಲ್ಲಿ ಸುಮಾರು 1 ಮಿಲಿಮೀಟರ್ ತೂತಿನ ರಿಸ್ಟ್ರಿಕ್ಟರ್. ಬೈಕ್ ಕಾರ್ಬ್ಯುರೇಟರಿನ ಮೇನ್ ಜೆಟ್ ಒಂದನ್ನು ಪೈಪಿನೊಳಗೆ ತೂರಿಸಿ ಹೊರಗಿನಿಂದ ಕ್ಲಿಪ್ ಬಿಗಿದರೆ ಸಾಕು. ಪೈಪ್ ಪೂರ್ತಿ ಕಿತ್ತರೂ ಎಂಜಿನ್ ಎಳೆದುಕೊಳ್ಳುವ ಕಳ್ಳಗಾಳಿ ಆ ಚಿಕ್ಕ ತೂತಿನಷ್ಟೇ.

ಎಲೆಕ್ಟ್ರಾನಿಕ್ ಗೇಜಿನಲ್ಲಿ ಸೆನ್ಸರ್ ಬಾನೆಟ್ ಕೆಳಗೇ ಉಳಿಯುತ್ತದೆ, ಒಳಗೆ ಬರುವುದು ವೈರ್ ಮಾತ್ರ. ಪೈಪ್ ಒಂದಡಿ ಸಾಕು, ಸೋರುವ ಜಾಗ ಕಡಿಮೆ. ಗರಿಷ್ಠ ಬೂಸ್ಟ್ ನೆನಪಿಡುವುದು, ಮಿತಿ ಮೀರಿದರೆ ಎಚ್ಚರಿಸುವುದು ಇದರ ಲಾಭ. ಬೆಲೆ ಮೆಕ್ಯಾನಿಕಲ್‌ಗಿಂತ ಹಲವು ಪಟ್ಟು, ವೈರಿಂಗ್ ತಿಳಿದ ಎಲೆಕ್ಟ್ರಿಷಿಯನ್ ಬೇಕು. ಸೆನ್ಸರನ್ನು ಎಂಜಿನ್ ಮೇಲೆ ಅಲ್ಲ, ಬಾಡಿಯ ಮೇಲೆ ಕೂರಿಸಿ, ಎಕ್ಸಾಸ್ಟಿನಿಂದ ದೂರ. ಮ್ಯಾನಿಫೋಲ್ಡಿನ ಜಾಗಕ್ಕಿಂತ ಎತ್ತರದಲ್ಲಿ, ಬಾಯಿ ಕೆಳಮುಖವಾಗಿ ಇಡಿ. ಬಾಯಿ ಮೇಲಾಗಿ ಇಟ್ಟರೆ ಆಯಿಲ್ ಪಸೆಯೂ ನೀರಿನ ಹನಿಯೂ ಅದರಲ್ಲಿ ಕೂತು ಓದು ಕೆಡುತ್ತದೆ.

ಮೂರನೆಯದು ಓಬಿಡಿ, ಅಂದರೆ ಗಾಡಿಯ ಕಂಪ್ಯೂಟರಿನಿಂದಲೇ ಓದು ತೆಗೆಯುವುದು: ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಇಎಲ್‌ಎಂ 327 ಬ್ಲೂಟೂತ್ ಡಾಂಗಲ್, ಮೊಬೈಲಿನಲ್ಲಿ ಒಂದು ಆ್ಯಪ್. ಸಾವಿರದೊಳಗೆ ಮುಗಿಯುತ್ತದೆ, ಬಾನೆಟ್ ಎತ್ತುವುದೇ ಬೇಡ. ಮ್ಯಾನಿಫೋಲ್ಡ್ ಒತ್ತಡದಿಂದ ಹೊರಗಿನ ವಾಯುಒತ್ತಡ ಕಳೆದರೆ ಬೂಸ್ಟ್. ಆದರೆ ಓದು ಸೆಕೆಂಡಿಗೆ ಕೆಲವೇ ಸಲ ಬದಲಾಗುತ್ತದೆ, ಮುಳ್ಳಿನ ಚುರುಕು ಇಲ್ಲ. ಆ ಸಾಮಾನ್ಯ ಓದಿನ ಮಿತಿ 255 ಕಿಲೋಪ್ಯಾಸ್ಕಲ್, ಅಂದರೆ ಸುಮಾರು ಒಂದೂವರೆ ಬಾರ್ ಬೂಸ್ಟ್. ಕಂಪನಿಯಿಂದ ಬಂದ ಸೂಪರ್‌ಚಾರ್ಜ್ಡ್ ಗಾಡಿಗೆ ಅಷ್ಟು ಧಾರಾಳ ಸಾಕು. ಎರಡು ಪ್ರೆಶರ್ ಸೆನ್ಸರ್ ಇರುವ ಗಾಡಿಗಳಲ್ಲಿ ಆ್ಯಪ್ ತೋರಿಸುವುದು ಯಾವುದನ್ನು ಎಂದು ಖಚಿತ ಮಾಡಿಕೊಳ್ಳಿ. ಪೆಡಲ್ ಪೂರ್ತಿ ಒತ್ತಿದಾಗಲೂ ಓದು ಹೊರಗಿನ ವಾಯುಒತ್ತಡವನ್ನು ದಾಟದಿದ್ದರೆ ಅದು ಸೂಪರ್‌ಚಾರ್ಜರಿನ ಮುಂಚಿನ ಸೆನ್ಸರ್. ಗಾಡಿ ನಾಲ್ಕು ದಿನ ನಿಲ್ಲುವುದಿದ್ದರೆ ಡಾಂಗಲ್ ಕಿತ್ತಿಡಿ, ಬ್ಯಾಟರಿ ಹೀರುತ್ತದೆ.

ಯಾವುದೇ ಗೇಜಾಗಲಿ, ಅಳತೆಪಟ್ಟಿ ನೋಡಿ ಕೊಳ್ಳಿ. 8-10 ಪಿಎಸ್‌ಐ ಬೂಸ್ಟಿನ ಗಾಡಿಗೆ 35 ಪಿಎಸ್‌ಐವರೆಗಿನ ಗೇಜ್ ಹಾಕಿದರೆ ಮುಳ್ಳು ಬೂಸ್ಟ್ ಪಟ್ಟಿಯ ಸುಮಾರು ಕಾಲು ಭಾಗವಷ್ಟೇ ತಿರುಗುತ್ತದೆ. 15 ಅಥವಾ 20ರದು ಸಾಕು. ಗೇಜನ್ನು ಮುಂಗಾಜಿನ ಪಕ್ಕದ ಮುಂಗಂಬದ ಮೇಲೆ ಕೂರಿಸುವ ಆಸೆ ಎಲ್ಲರಿಗೂ ಇರುತ್ತದೆ. ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಆ ಕಂಬಕ್ಕೆ ಸ್ಕ್ರೂ ಹೊಡೆಯಬಾರದು.

ಪೈಪ್ ಮತ್ತು ಚೂಡಿ

ಕಿಟ್ಟಿನ ಜೊತೆ ಬರುವ ತೆಳು ನೈಲಾನ್ ಪೈಪ್ ಅಗ್ಗ, ಗಟ್ಟಿ, ಆದರೆ ಚೂಪಾಗಿ ಬಾಗಿಸಿದರೆ ಮಡಚಿ ಮುಚ್ಚಿಹೋಗುತ್ತದೆ. ಬ್ಲೇಡಿನಿಂದ ನೇರ ಕತ್ತರಿಸಿ, ನಟ್ಟನ್ನು ಕೈಯಲ್ಲಿ ಬಿಗಿದು ಪಾನಾದಿಂದ ಅರ್ಧ ಸುತ್ತು ಮಾತ್ರ ಕೊಡಿ. 4 ಮಿಲಿಮೀಟರ್ ಒಳವ್ಯಾಸದ ದಪ್ಪ ಗೋಡೆಯ ಸಿಲಿಕಾನ್ ಪೈಪ್ ಬಿಸಿಗೆ ಒಳ್ಳೆಯದು, ಆದರೆ ಪೆಟ್ರೋಲ್ ಮತ್ತು ಆಯಿಲ್ ತಗುಲಿದರೆ ಉಬ್ಬಿ ಮೆತ್ತಗಾಗುತ್ತದೆ. ನ್ಯೂಮ್ಯಾಟಿಕ್ ಅಂಗಡಿಯ ನೀಲಿ ಪಾಲಿಯುರೆಥೇನ್ ಪೈಪ್ ಬೇಡ. ಕಾರ್ಖಾನೆಯ ಕಂಪ್ರೆಸ್ಡ್ ಏರಿಗೆ ಅದು ಸರಿ, ಮೇ ತಿಂಗಳ ಬಾನೆಟ್ ಕೆಳಗೆ ಮೆತ್ತಗಾಗಿ ಫಿಟ್ಟಿಂಗಿನಿಂದ ಜಾರುತ್ತದೆ. ಗಾಡಿಯನ್ನು ತೋಟದ ಮನೆಯಲ್ಲೋ ಕಬ್ಬಿನ ಗದ್ದೆ ಪಕ್ಕವೋ ನಿಲ್ಲಿಸುವವರು ಪೈಪಿನ ಮೇಲೆ ಸ್ಟೀಲ್ ಹೆಣಿಗೆಯ ಕವಚ ಹಾಕಿಸಿ, ಇಲಿಗೆ ಮೆತ್ತನೆ ಪೈಪ್ ಬಲು ಪ್ರೀತಿ.

ಚೂಡಿಯ ವಿಷಯ ಒಂದಿದೆ, ಬಹಳ ಜನ ಮೋಸಹೋಗುವುದು ಇಲ್ಲಿ. ಅಮೆರಿಕದ ಗೇಜುಗಳ ಹಿಂದೆ 1/8 ಎನ್‌ಪಿಟಿ ಚೂಡಿ ಇರುತ್ತದೆ, ಇಂಚಿಗೆ 27 ಸುತ್ತು. ನಮ್ಮ ಹೈಡ್ರಾಲಿಕ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು 1/8 ಬಿಎಸ್‌ಪಿ, ಇಂಚಿಗೆ 28. ಮೊದಲ ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ, ಸರಿ ಕೂತಿತೆಂದು ಅನ್ನಿಸುತ್ತದೆ. ಎಷ್ಟು ಟೆಫ್ಲಾನ್ ಟೇಪ್ ಸುತ್ತಿದರೂ ಸೋರಿಕೆ ನಿಲ್ಲುವುದಿಲ್ಲ, ಬಲ ಹಾಕಿದರೆ ಚೂಡಿ ಹಾಳು. ಲೇಥಿನಲ್ಲಿ ಅಡಾಪ್ಟರ್ ಮಾಡಿಸುವಾಗ ಯಾವ ಚೂಡಿ ಬೇಕೆಂದು ಹೆಸರು ಹಿಡಿದು ಹೇಳಿ.

ಕ್ಯಾಬಿನ್ನಿಗೆ ಪೈಪ್ ಒಯ್ಯುವಾಗ ಫೈರ್‌ವಾಲ್‌ನಲ್ಲಿ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆ) ಇರುವ ರಬ್ಬರ್ ಬುಶ್ಶಿನಿಂದಲೇ ತೂರಿಸಿ. ತಗಡಿನ ಅಂಚು ತಾಗಿದರೆ ಆರು ತಿಂಗಳಲ್ಲಿ ಪೈಪ್ ಕೊಯ್ದು ಹೋಗುತ್ತದೆ. ಪೆಡಲುಗಳ ಹತ್ತಿರ ಜೋತು ಬೀಳದಂತೆ ಕಟ್ಟಿ.

ಯಾರಿಗೆ ಯಾವುದು

ಕಂಪನಿಯಿಂದ ಬಂದಂತೆಯೇ ಇರುವ ಗಾಡಿ, ವಾರಂಟಿ ಇನ್ನೂ ಇದೆ, ಕುತೂಹಲಕ್ಕೆ ನೋಡಬೇಕು ಅಷ್ಟೇ ಎನ್ನುವವರು ಓಬಿಡಿ ಡಾಂಗಲ್ ಕೊಂಡು ಸುಮ್ಮನಾಗಬಹುದು. ಹಳೆಯ ಗಾಡಿ, ಬೆಲ್ಟ್ ಜಾರುತ್ತಿದೆಯೋ ಬೈಪಾಸ್ ವಾಲ್ವ್ ಸೋರುತ್ತಿದೆಯೋ ಎಂದು ದಿನವೂ ಕಣ್ಣಿಡಬೇಕು, ಕೈಯಲ್ಲಿ ಐದು ಸಾವಿರದೊಳಗೆ ಇದೆ ಎನ್ನುವವರಿಗೆ ಖಾಲಿ ನಿಪ್ಪಲಿನಿಂದಲೋ ಬಿಲ್ಲೆಯಿಂದಲೋ ತೆಗೆದ ಪೈಪು, ರಿಸ್ಟ್ರಿಕ್ಟರ್, ಮೆಕ್ಯಾನಿಕಲ್ ಗೇಜ್. ಪುಲ್ಲಿ ಬದಲಿಸಿ ಬೂಸ್ಟ್ ಏರಿಸಿದವರು, ಟ್ಯೂನಿಂಗ್ ಮಾಡಿಸಿದವರು ಎಲೆಕ್ಟ್ರಾನಿಕ್‌ಗೆ ದುಡ್ಡು ಹಾಕಬೇಕು, ಅವರಿಗೆ ಗರಿಷ್ಠ ಓದೂ ಎಚ್ಚರಿಕೆಯೂ ಬೇಕು. ದುಡ್ಡು ಸಾಲದೆಂದರೆ ಗೇಜಿನಲ್ಲಿ ಉಳಿಸಿ, ಅಡಾಪ್ಟರಿನಲ್ಲಿ ಉಳಿಸಬೇಡಿ.

ಹಾಕಿದ ಮೇಲೆ ಓದು ನೋಡುವುದು

ಮೊದಲು ಸೋರಿಕೆ. ಮ್ಯಾನಿಫೋಲ್ಡ್ ಕಡೆಯ ತುದಿ ಬಿಚ್ಚಿ 50 ಮಿಲಿಲೀಟರಿನ ಸಿರಿಂಜ್ ಸಿಕ್ಕಿಸಿ ಎಳೆಯಿರಿ. ಮುಳ್ಳು ವ್ಯಾಕ್ಯೂಮ್ ಕಡೆಗೆ ಹೋಗಿ ಒಂದು ನಿಮಿಷ ಅಲ್ಲೇ ನಿಲ್ಲಬೇಕು. ನಿಧಾನ ವಾಪಸಾದರೆ ಎಲ್ಲೋ ಸೋರುತ್ತಿದೆ. ಸಿರಿಂಜನ್ನು ಒತ್ತಿಹಿಡಿದು ಜೋಡಣೆಗಳಿಗೆ ಸಾಬೂನು ನೀರು ಹಚ್ಚಿದರೆ ಗುಳ್ಳೆ ಏಳುವ ಜಾಗ ಸಿಗುತ್ತದೆ. ಚಾಲೂ ಎಂಜಿನ್ನಿನ ಐಡ್ಲಿಂಗ್‌ನಲ್ಲಿ ಸಾಬೂನು ನೀರು ಉಪಯೋಗವಿಲ್ಲ, ಆಗ ಪೈಪ್ ಗಾಳಿಯನ್ನು ಒಳಗೆ ಎಳೆಯುತ್ತಿರುತ್ತದೆ.

ಓದನ್ನು ಪುಸ್ತಕದ ಅಂಕಿಗೆ ಹೋಲಿಸುವಾಗ ನಮ್ಮ ಊರಿನ ಎತ್ತರ ಮರೆಯಬೇಡಿ. ಸಮುದ್ರಮಟ್ಟದಲ್ಲಿ ಆರೋಗ್ಯವಂತ ಪೆಟ್ರೋಲ್ ಎಂಜಿನ್ ಐಡ್ಲಿಂಗ್‌ನಲ್ಲಿ 18ರಿಂದ 22 ಇಂಚು ಪಾದರಸದ ವ್ಯಾಕ್ಯೂಮ್ ತೋರಿಸುತ್ತದೆ. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿದೆ, ಇಲ್ಲಿ ಎರಡೂವರೆ ಇಂಚು ಕಡಿಮೆ ಬರುವುದು ಸಹಜ. 16-17 ಕಂಡರೆ ಗಾಬರಿ ಬೇಡ. ಬೂಸ್ಟೂ ಅಷ್ಟೇ. ಸೂಪರ್‌ಚಾರ್ಜರ್ ಗಾಳಿಯನ್ನು 1.6 ಪಟ್ಟು ಒತ್ತುತ್ತದೆ ಎಂದಿಟ್ಟುಕೊಳ್ಳಿ: ಗೋವಾದ ಕಡಲ ದಂಡೆಯಲ್ಲಿ 8.8 ಪಿಎಸ್‌ಐ, ಬೆಳಗಾವಿಯಲ್ಲಿ 8ರ ಆಸುಪಾಸು. ಬೆಲ್ಟ್ ಜಾರಿಲ್ಲ, ಹೊರಗಿನ ಗಾಳಿಯೇ ತೆಳು.

ಕೆಲವು ಎಲೆಕ್ಟ್ರಾನಿಕ್ ಗೇಜುಗಳು ಸಮುದ್ರಮಟ್ಟವನ್ನೇ ಸೊನ್ನೆ ಎಂದು ಹಿಡಿದಿರುತ್ತವೆ. ಅಂಥದ್ದು ಬೆಳಗಾವಿಯಲ್ಲಿ ಎಂಜಿನ್ ಬಂದ್ ಆಗಿದ್ದಾಗಲೂ ಸೊನ್ನೆಗಿಂತ 0.09 ಬಾರ್ ಕೆಳಗೆ ತೋರಿಸುತ್ತದೆ. ಸೊನ್ನೆ ಹೊಂದಿಸುವ ಸೌಲಭ್ಯ ಇದ್ದರೆ ಎಂಜಿನ್ ಬಂದ್ ಮಾಡಿ ಇಗ್ನಿಷನ್ ಮಾತ್ರ ಹಾಕಿ ಹೊಂದಿಸಿ. ಇಲ್ಲದಿದ್ದರೆ ಆ ವ್ಯತ್ಯಾಸವನ್ನು ಕಾಗದದಲ್ಲಿ ಬರೆದು ಗ್ಲೋವ್ ಬಾಕ್ಸಿನಲ್ಲಿಡಿ, ನಾಳೆ ಗಾಡಿ ನೋಡುವ ಮಿಸ್ತ್ರಿಗೂ ಅದು ಬೇಕಾಗುತ್ತದೆ. ಮೊದಲ ಸಾವಿರ ಕಿಲೋಮೀಟರ್ ಆದ ಮೇಲೆ ಬಾನೆಟ್ ಎತ್ತಿ ಎರಡೂ ತುದಿಯ ಕ್ಲಿಪ್ಪುಗಳನ್ನು ಕೈಯಿಂದ ಎಳೆದು ನೋಡಿ. ಆಮೇಲೆ ಪ್ರತಿ ವರ್ಷ ಬೇಸಿಗೆ ಶುರುವಾಗುವ ಮುಂಚೆ ಒಮ್ಮೆ.